ಕಂಬಳಿಯೊಳಗಿನ ನೀಲಿ ಕಿಡಿ

ಅಪ್ಪ ಮತ್ತೊಮ್ಮೆ ಕಿಕ್ ಹೊಡೆದರು. ಬೈಕು ‘ಡುರ್’ ಎಂದು ಕೆಮ್ಮಿ ಸುಮ್ಮನಾಯಿತು.

ಅದರ ಮೈಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಅವತ್ತು ರವಿವಾರ, ಮೇಲಾಗಿ ಅಮಾವಾಸ್ಯೆ. ಪ್ರತಿ ಅಮಾವಾಸ್ಯೆಗೂ ಅಜ್ಜನ ಕಾಲದ ಆ ಹಳೇ ಬೈಕಿಗೆ ಸ್ನಾನ ಮಾಡಿಸುವುದು, ವಿಭೂತಿ ಹಚ್ಚುವುದು, ಹೂವು ಏರಿಸುವುದು ಎಲ್ಲ ಭಾಗ್ಯಶ್ರೀಯ ಕೆಲಸ. ಐದನೇ ಕ್ಲಾಸಿನ ಭಾಗ್ಯಾ ಬೈಕನ್ನು ತೊಳೆದಷ್ಟು ಶ್ರದ್ಧೆಯಿಂದ ತನ್ನ ಕಿವಿಯನ್ನು ಎಂದೂ ತೊಳೆದುಕೊಂಡವಳಲ್ಲ.

“ಹೋದ ಅಮಾಸಿಗೂ ಹಿಂಗ ಕೈ ಕೊಟ್ಟಿತ್ತು,” ಎಂದು ಅಪ್ಪ ಶಾಂತಯ್ಯ ಗೊಣಗಿದರು. ಅವರ ಜೇಬಿನಲ್ಲಿ ಫೋನು ಬಡಕೊಳ್ಳುತ್ತಲೇ ಇತ್ತು. ರಾಯಾಪುರದ ಗೋದಾಮಿಗೆ ಹತ್ತಿ ಲಾರಿ ಬಂದು ನಿಂತಿತ್ತು. ಗೋದಾಮಿನ ಬೀಗದ ಕೈ ಅಪ್ಪನ ಹತ್ತಿರವೇ ಇತ್ತು.

“ಅಮರೇಶಾ! ಗಾಡಿಗೆ ಕೈ ಹಚ್ಚೀಯೇನು?”

ಒಂಬತ್ತನೇ ಕ್ಲಾಸಿನ ಅಣ್ಣ ಅಮರೇಶ ಹಲ್ಲುಜ್ಜುತ್ತ ಹೊರಗೆ ಬಂದ. “ನಾ ಏನೂ ಕೆಡಿಸಿಲ್ಲಪ್ಪಾ.”

“ಕೈ ಹಚ್ಚೀಯೇನು ಅಂತ ಕೇಳಿದ್ನಿ.”

ಅಣ್ಣ ತಡವರಿಸುತ್ತಿರುವಾಗಲೇ ಭಾಗ್ಯಾ ನಡುವೆ ಬಾಯಿ ಹಾಕಿದಳು. “ನಾ ನೋಡೀನಿ! ನಿನ್ನಿ ಸಂಜೀಕ ಟ್ಯಾಂಕ್ ಕೆಳಗ ಕೈ ಹಾಕಿ ವೈರ್ ಎಳ್ಯಾಕತ್ತಿದ್ದ!”

ಹೇಳುವಾಗ ಅವಳಿಗೆ ಒಂದಿಷ್ಟು ಖುಷಿಯೂ ಆಗಿತ್ತು. ಅಣ್ಣ ಬೈಸಿಕೊಳ್ಳುವುದನ್ನು ನೋಡುವುದು ಯಾವ ತಂಗಿಗೆ ಬೇಡ?

ಆದರೆ ಅಪ್ಪ ಬೈಯಲಿಲ್ಲ. ಅವರ ಕೈ ಫಟಾರನೆ ಅಣ್ಣನ ಕೆನ್ನೆಯ ಮೇಲೆ ಬಿತ್ತು.

ಬ್ರಶ್ಶು ನೆಲಕ್ಕೆ ಬಿತ್ತು. ಸದ್ದು ಕೇಳಿ ಓಡಿ ಬಂದ ಅವ್ವ ಬಾಗಿಲಲ್ಲೇ ನಿಂತುಬಿಟ್ಟಳು. ಅಪ್ಪ ಬೈಯುತ್ತಿದ್ದರು, ಕಣ್ಣು ಕೆಂಪಗೆ ಮಾಡುತ್ತಿದ್ದರು. ಆದರೆ ಇಷ್ಟು ವರ್ಷಗಳಲ್ಲಿ ಯಾರ ಮೇಲೂ ಕೈ ಮಾಡಿದವರಲ್ಲ. ಅಪ್ಪ ತಮ್ಮ ಕೈಯನ್ನೊಮ್ಮೆ ನೋಡಿಕೊಂಡರು. ಆಮೇಲೆ ಬಸ್ಸು ಹಿಡಿಯಲು ಹೊರಟುಹೋದರು.

ಮಧ್ಯಾಹ್ನ ಅಮರೇಶ ಊಟಕ್ಕೇ ಏಳಲಿಲ್ಲ.

“ಅಣ್ಣಾ, ಹೋಳಗಿ ತಂದೇನಿ.”

“ಬ್ಯಾಡ.”

“ನಾ ಏನ್ ಸುಳ್ಳು ಹೇಳಿಲ್ಲಲ್ಲಾ?”

“ಇಲ್ಲ, ಖರೇನ ಹೇಳಿದಿ.” ಅಮರೇಶ ಗೋಡೆಯ ಕಡೆ ಮುಖ ಮಾಡಿದ. “ಮತ್ತ ಗಾಡಿ ನಿಂತರ ಅಪ್ಪಗ ತ್ರಾಸ ಆಗತೈತಿ ಅಂತ, ವೈರ್ ಲೂಸ್ ಅದಾವೇನು ನೋಡಾಕತ್ತಿದ್ನಿ. ಎಲ್ಲಾ ಛಲೋನ ಇದ್ದವು.”

ಭಾಗ್ಯಾ ಹೋಳಿಗೆಯ ತಟ್ಟೆಯನ್ನು ಅವನ ಪಕ್ಕದಲ್ಲಿಟ್ಟು ಹೊರಗೆ ಬಂದಳು.

ಬಿಸಿಲು ಇಳಿಯುವ ಮೊದಲೇ ಅಪ್ಪ ಗ್ಯಾರೇಜಿನ ಅಜೀಮ ಕಾಕಾನನ್ನು ಕರೆದುಕೊಂಡು ಬಂದರು. ಕಾಕಾ ಒಂದೇ ಒಂದು ಕಿಕ್ ಹೊಡೆದರು. ಬೈಕು ಧಡಧಡನೆ ಶುರುವಾಗಿಬಿಟ್ಟಿತು!

ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡಿದರು. ಅಪ್ಪ ಅಮರೇಶನ ಕಡೆ ತಿರುಗಿದರು. “ಬಿಚ್ಚಿದ್ದನ್ನ ನಾ ಹೋದ ಮ್ಯಾಲೆ ಕೂಡಿಸಿ ಇಟ್ಟೀಯೇನು?”

ಅಮರೇಶನ ಕಣ್ಣು ತುಂಬಿದವು. ಅವನು ಹೋಗಿ ಮೆಟ್ಟಿಲ ಮೇಲೆ ಕೂತ.

“ತಡೀರಿ ಶಾಂತಯ್ಯಾರ,” ಎಂದರು ಕಾಕಾ. “ಮುಂಜಾನಿ ಗಾಡಿ ಹಸಿ ಇತ್ತೇನ್ರಿ?”

“ನಾ ತೊಳದಿದ್ನಿ ಕಾಕಾ,” ಎಂದಳು ಭಾಗ್ಯಾ. “ಪೈಪ್ ಹಚ್ಚಿ, ಟ್ಯಾಂಕ್ ಕೆಳಗ ಸುದ್ದಾ.”

“ಹೋದ ಅಮಾಸಿಗೆ?”

“ಆವಾಗೂ ನಾನ.”

ಕಾಕಾ ತಲೆಯಾಡಿಸಿದರು. “ಒಂದು ಕಂಬಳಿ ಕೊಡ್ರಿ. ಒಂದು ತಂಬಿಗಿ ನೀರೂ ಬೇಕು.”

ಓಡುತ್ತಿದ್ದ ಬೈಕಿನ ಟ್ಯಾಂಕಿನ ಮೇಲೆ ಕಂಬಳಿ ಹೊದಿಸಿ, ಅವರು ಒಂದು ತುದಿ ಎತ್ತಿ ಹಿಡಿದರು. “ಬಗ್ಗಿ ನೋಡು ಬೇಟಾ. ಕೈ ಮಾತ್ರ ಹಚ್ಚಬ್ಯಾಡ, ಕರೆಂಟ್ ಝಟಕಾ ಹೊಡೀತೈತಿ.”

ಒಳಗೆ ಕತ್ತಲಿತ್ತು. ಟ್ಯಾಂಕಿನ ಕೆಳಗೆ ಕಪ್ಪು ಡಬ್ಬಿಯಂಥದ್ದು ಮಸುಕಾಗಿ ಕಂಡಿತು. “ಅದು ಕಾಯಿಲ್. ಅಲ್ಲಿಂದ ಕರೆಂಟ್ ದಪ್ಪ ವೈರ್‌ನ್ಯಾಗ ಹಾದು ಪ್ಲಗ್‌ಗೆ ಹೋಗಬೇಕು. ಪ್ಲಗ್‌ನ್ಯಾಗ ಕಿಡಿ ಹಾರಿದ್ರ ಗಾಡಿ ಓಡತೈತಿ.” ಕಾಕಾ ತಂಬಿಗೆಯಲ್ಲಿ ಬೆರಳು ಅದ್ದಿ ಡಬ್ಬಿಯ ಮೇಲೆ ನಾಲ್ಕು ಹನಿ ನೀರು ಸಿಡಿಸಿದರು.

ಚಟ್! ಚಟ್ ಚಟ್!

ಡಬ್ಬಿಯ ಮೇಲೆ ಕೂದಲಿನಂಥ ಬಿರುಕೊಂದು ನೀಲಿಯಾಗಿ ಹೊಳೆಯಿತು. ಅಲ್ಲಿಂದ ಕಿಡಿ ಪಕ್ಕದ ಕಬ್ಬಿಣಕ್ಕೆ ಹಾರಿತು. ಭಾಗ್ಯಾ ಚೀರಿ ಹಿಂದೆ ಸರಿದಳು. ಬೈಕು ಡುರ್ ಎಂದು ಕೆಮ್ಮಿ, ಬೆಳಿಗ್ಗೆಯ ಹಾಗೆಯೇ ನಿಂತುಹೋಯಿತು.

“ಕಾಯಿಲ್ ಸೀಳೈತ್ರಿ,” ಎಂದರು ಕಾಕಾ. “ಒಣಗಿದಾಗ ಛಲೋ. ಹಸಿ ಆದ್ರ ಕರೆಂಟ್ ಅರ್ಧಾ ದಾರ್ಯಾಗ ಹೊರಗ ಹಾರತೈತಿ, ಪ್ಲಗ್‌ಗೆ ಮುಟ್ಟೂದ ಇಲ್ಲ. ನಾಳಿ ಹೊಸಾದು ಹಾಕ್ತೀನಿ. ಹುಡುಗಂದು ಏನೂ ತಪ್ಪಿಲ್ಲ.”

ಭಾಗ್ಯಾ ನಿಂತ ಬೈಕನ್ನೇ ನೋಡಿದಳು. ಬೈಕು ನಿಂತದ್ದು ತನ್ನಿಂದ! ಹಾಡು ಹೇಳುತ್ತ, ಅಷ್ಟು ಪ್ರೀತಿಯಿಂದ ನೀರು ಹೊಡೆದು ತಾನೇ ನಿಲ್ಲಿಸಿದ್ದಳು. ಏಟು ತಿಂದವನು ಅಣ್ಣ.

“ಅಪ್ಪಾ,” ಎಂದಳು. “ಅಣ್ಣಾ ಕೈ ಹಾಕಿದ್ದು ನೋಡಿದ್ನಿ. ಯಾಕ ಹಾಕಿದ್ದ ಅಂತ ಕೇಳಿದ್ದಿಲ್ಲ. ನಿನಗ ತ್ರಾಸ ಆಗಬಾರದು ಅಂತ ವೈರ್ ನೋಡಾಕತ್ತಿದ್ದನಂತ.”

ಅಪ್ಪನ ಮುಖ ಸಣ್ಣದಾಯಿತು. “ನಾನೂ ಕೇಳಲಿಲ್ಲವ್ವಾ,” ಎಂದರು. ಮೆಟ್ಟಿಲ ಮೇಲೆ ಕೂತಿದ್ದ ಅಮರೇಶನ ಹತ್ತಿರ ಹೋಗಿ, ತಲೆ ಸವರಲೆಂದು ಕೈ ಎತ್ತಿದರು.

ಅಮರೇಶ ತಟ್ಟನೆ ಕಣ್ಣು ಮುಚ್ಚಿ ಕೆನ್ನೆಗೆ ಮೊಣಕೈ ಅಡ್ಡ ಹಿಡಿದ.

ಅಪ್ಪನ ಕೈ ಅಲ್ಲೇ ನಿಂತಿತು. ಅಜೀಮ ಕಾಕಾ ಆ ಕಡೆ ತಿರುಗಿ ಕಂಬಳಿ ಮಡಚತೊಡಗಿದರು. ಭಾಗ್ಯಾಗೆ ಅಳು ಉಕ್ಕಿ ಬಂತು. ಹೊಸ ಕಾಯಿಲ್ ನಾಳೆಯೇ ಬರುತ್ತದೆ. ಅಪ್ಪ ಕೈ ಎತ್ತಿದರೆ ಅಣ್ಣ ಹೆದರದಂತಾಗಲು ಎಷ್ಟು ದಿನ ಬೇಕೋ, ಅವಳಿಗೆ ಗೊತ್ತಾಗಲಿಲ್ಲ.

ಅಪ್ಪ ಮೆಲ್ಲಗೆ ಕೈ ಇಳಿಸಿ, ಮಗನ ಪಕ್ಕ ಸ್ವಲ್ಪ ಜಾಗ ಬಿಟ್ಟು ಕೂತರು. ಅಂಥ ಜಾಗ ಕಂಡರೆ ಭಾಗ್ಯಾ ಯಾವಾಗಲೂ ನಡುವೆ ತೂರಿಕೊಳ್ಳುತ್ತಿದ್ದಳು. ಇವತ್ತು ಅವಳು ಸುತ್ತಿಕೊಂಡು ಹೋಗಿ ಅಣ್ಣನ ಆಚೆ ಬದಿಗೆ ಕೂತಳು.