ಪುಣೆಯ ಚಳಿ ನಿಮಗೆ ಆಗ್ತದಾ?

"ಕೆಳಗೆ ನೋಡ್ಬೇಡಿ. ನನ್ನ ಚೀಲ ನೋಡಿ."

ಕಾಂತಿ ಕಣ್ಣು ತೆರೆಯಲಿಲ್ಲ.

ಗಡಾಯಿಕಲ್ಲು ಬೆಟ್ಟದ ಮೆಟ್ಟಿಲುಗಳ ನಡುವೆ, ಒಂದು ಕಡೆ ಬಂಡೆ, ಇನ್ನೊಂದು ಕಡೆ ಬರೀ ಗಾಳಿ ಇರುವ ಇಕ್ಕಟ್ಟಿನಲ್ಲಿ ಅವಳು ನಿಂತುಬಿಟ್ಟಿದ್ದಳು. ಮಂಗಳೂರಿನ ಕಾಲೇಜು ಹುಡುಗರು ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಮೆಟ್ಟಿಲೇ ಇಲ್ಲದ ಕಡೆಯಿಂದ ಬಂಡೆ ಏರುತ್ತಿದ್ದರು. ಅವರ ಸಾಹಸ ನೋಡೋಣವೆಂದು ಕತ್ತು ತಿರುಗಿಸಿದ್ದೇ ತಪ್ಪಾಯಿತು. ಕೆಳಗಿನ ಆಳ ಕಣ್ಣಿಗೆ ಬಿತ್ತು, ಕಾಲು ಅಲ್ಲೇ ಕಟ್ಟಿಹೋಯಿತು.

"ಚೀಲದಲ್ಲಿ ಎಂತ ಉಂಟು ಅಂತ ಕೇಳಿ," ಎಂದಿತು ಮತ್ತೆ ಆ ಗಂಡುದನಿ.

"ಎಂತ ಉಂಟು?" ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಬನ್ಸ್. ಬೆಳ್ತಂಗಡಿಯಲ್ಲಿ ಬೆಳಿಗ್ಗೆ ಕಟ್ಟಿಸಿಕೊಂಡದ್ದು. ನೀವು ಇಲ್ಲೇ ನಿಂತರೆ ನನಗೂ ಮೇಲೆ ಹೋಗ್ಲಿಕ್ಕೆ ದಾರಿ ಇಲ್ಲ. ಇಬ್ರೂ ಇಲ್ಲೇ ತಿನ್ಬೇಕಷ್ಟೆ."

ಅಂಥ ಹೆದರಿಕೆಯಲ್ಲೂ ಕಾಂತಿಗೆ ನಗು ಬಂತು. ಕಣ್ಣು ತೆರೆದಳು. ಎತ್ತರದ ಆಳು, ಮಡಚಿದ ತೋಳಿನ ಬಿಳಿ ಅಂಗಿ, ಹೆಗಲ ಮೇಲೊಂದು ಬೈರಾಸು, ಮೈ ಒರೆಸುವ ತೆಳು ಟವೆಲು. ಅವನು ಕೈ ಚಾಚಲಿಲ್ಲ. ಬೈರಾಸು ತೆಗೆದು ಅದರ ಒಂದು ತುದಿಯನ್ನು ಅವಳ ಕಡೆಗೆ ನೀಡಿದ.

"ಇದನ್ನು ಹಿಡ್ಕೊಳ್ಳಿ. ನಾನು ಎದುರು ಹೋಗ್ತೇನೆ, ನೀವು ಹಿಂದೆ ಬನ್ನಿ."

ಗೊತ್ತಿಲ್ಲದ ಹುಡುಗಿಯ ಕೈ ಹಿಡಿಯದ ಆ ಮರ್ಯಾದೆ ಕಾಂತಿಗೆ ಇಷ್ಟವಾಯಿತು. ಇಷ್ಟವಾಗಬಾರದಿತ್ತು... ಯಾಕೆಂದರೆ ಅವನು ಯಾರೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅವನು ಭೋಜ. ಪುಣೆಯಲ್ಲಿ ಹೋಟೆಲು ನಡೆಸುವವನು. ಶಶಿಯಕ್ಕನನ್ನು ನೋಡಲು ಬಂದ ವರ.

ಶಶಿಪ್ರಭಾ ಸಂಕಪ್ಪ ಶೆಟ್ಟರ ಒಬ್ಬಳೇ ಮಗಳು. ಕಾಂತಿ ಅವರ ತಂಗಿಯ ಮಗಳು, ತಾಯಿ ತೀರಿಕೊಂಡ ಮೇಲೆ ಬೆಳ್ತಂಗಡಿಯ ಮಾವನ ಮನೆಯಲ್ಲೇ ಬೆಳೆದವಳು. ಸಂಬಂಧದಲ್ಲಿ ಶಶಿ ಅತ್ತಿಗೆಯಾಗಬೇಕು. ಆದರೆ ಒಂದೇ ಚಾಪೆಯಲ್ಲಿ ಮಲಗಿ ಬೆಳೆದವರಿಗೆ ಅಕ್ಕ ತಂಗಿ ಎಂಬ ಮಾತೇ ಬಾಯಿಗೆ ಬಂದಿತ್ತು.

ಶಶಿಯನ್ನು ಅದುವರೆಗೆ ಮೂರು ಕಡೆಯವರು ನೋಡಿ ಬೇಡವೆಂದಿದ್ದರು. ಹುಡುಗಿಯಲ್ಲಿ ಊನವೇನೂ ಇಲ್ಲ. ನೋಡಲು ಬಂದವರ ಎದುರು ಕೂತರೆ ಸಾಕು, ಅವಳ ಬಾಯಿ ಕಟ್ಟಿಹೋಗುತ್ತಿತ್ತು. ಅದಕ್ಕೇ ಈ ಸಲ ಸಂಕಪ್ಪ ಮಾವ ಒಂದು ಉಪಾಯ ಹೂಡಿದ್ದರು. ಹೆಣ್ಣು ನೋಡುವುದೆಂದು ಶಶಿಗೆ ಹೇಳುವುದೇ ಬೇಡ, ಗಡಾಯಿಕಲ್ಲು ಮೂಡುಬಿದಿರೆ ಸುತ್ತಾಡಿ ಬರುವ ನೆಪದಲ್ಲಿ ಕರೆದುಕೊಂಡು ಹೋದರಾಯಿತು. ಅಲ್ಲಿ ಹುಡುಗನ ಕಡೆಯವರು ಅಚಾನಕ್ಕಾಗಿ ಸಿಕ್ಕಂತೆ ಸಿಗುತ್ತಾರೆ. ಗುಟ್ಟು ಗೊತ್ತಿದ್ದದ್ದು ಮಾವ, ಅತ್ತೆ ಮತ್ತು ಕಾಂತಿಗೆ ಮಾತ್ರ.

"ಅವಳನ್ನು ಸ್ವಲ್ಪ ಮುಂದೆ ಮಾಡು ಮಗಾ. ನಿನ್ನನ್ನೇ ನಂಬಿದ್ದೇನೆ," ಎಂದಿದ್ದರು ಮಾವ.

ಕಾಂತಿ ಪ್ರಯತ್ನಪಡಲಿಲ್ಲವೆಂದಲ್ಲ. ಬೆಳಿಗ್ಗೆ, ಅತ್ತೆ ತೆಗೆದಿಟ್ಟು ಹೋಗಿದ್ದ ಹೊಸ ನೀಲಿ ಸೀರೆಯನ್ನು ಶಶಿಯ ಎದುರಿಟ್ಟಿದ್ದಳು. ಶಶಿ ಅದನ್ನು ಅವಳಿಗೇ ಉಡಿಸಿದಳು.

"ಕಲ್ಲು ಹತ್ಲಿಕ್ಕೆ ನನಗೆಂತಕ್ಕೆ ಹೊಸ ಸೀರೆ? ನಿನಗೆ ಒಪ್ತದೆ, ಉಡು ಮಾರಾಯ್ತಿ."

ತಡೆಯಲು ಅತ್ತೆ ಮನೆಯಲ್ಲಿರಲಿಲ್ಲ, ಹಿಂದಿನ ದಿನವೇ ಅಳದಂಗಡಿಯ ತವರಿಗೆ ಹೋಗಿದ್ದರು. ಮಾವನೋ, ಸೀರೆಯ ಬಣ್ಣ ನೋಡುವ ಜಾತಿಯವರೇ ಅಲ್ಲ.

ಕಲ್ಲಿನ ಬುಡದಲ್ಲಿ ಹುಡುಗನ ಮಾವ ದೋಂಬಯ್ಯ ಶೆಟ್ಟರು ಸಿಕ್ಕಾಗ ಸಂಕಪ್ಪ ಮಾವ ಬೆರಗಾದಂತೆ ನಟಿಸಿದ್ದು ನೋಡಬೇಕಿತ್ತು. ಯಾವ ನಾಟಕ ಮಂಡಳಿಯೂ ಅವರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಅಚಾನಕ್ಕಾಗಿ ಸಿಕ್ಕವರು ಮಗಳ ಹೆಸರು ಹೇಳಿ ಪರಿಚಯ ಮಾಡಿಸಿದರೆ ಗುಟ್ಟು ಬಯಲಾಗುತ್ತದಲ್ಲ, ಹಾಗಾಗಿ ಯಾರೂ ಯಾರ ಹೆಸರನ್ನೂ ಹೇಳಲಿಲ್ಲ. ಹಿರಿಯರಿಬ್ಬರು ಮರದಡಿ ಕೂತರು. ಶಶಿ ಮೊದಲ ತಿರುವಿನ ತನಕ ಹತ್ತಿ, "ನನ್ನಿಂದಾಗುವುದಿಲ್ಲ ತಂಗಿ, ನೀನು ಹೋಗಿ ಬಾ," ಎಂದು ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತಾ ಕೂತುಬಿಟ್ಟಳು.

ಹೀಗೆ ಆ ಡಿಸೆಂಬರಿನ ಬೆಳಿಗ್ಗೆ, ಬೈರಾಸಿನ ಒಂದು ತುದಿ ಭೋಜನ ಕೈಯಲ್ಲಿ, ಇನ್ನೊಂದು ತುದಿ ಕಾಂತಿಯ ಕೈಯಲ್ಲಿ ಬಂದದ್ದು.

*

ಮಧ್ಯಾಹ್ನದ ಊಟ ಎಲ್ಲರಿಗೂ ಒಟ್ಟಿಗೆ, ಮೂಡುಬಿದಿರೆಯ ಒಂದು ಹೋಟೆಲಿನಲ್ಲಿ. ಭೋಜನಿಗೆ ಹೋಟೆಲಿನವನ ಚಾಳಿ. ಕೂರುವ ಮೊದಲು ಮೇಜಿನ ಮೇಲೆ ಬೆರಳು ಎಳೆದು ನೋಡಿದ. ಸಾರಿನ ರುಚಿ ನೋಡಿ ಒಂದು ನಿಮಿಷ ಕಣ್ಣು ಮುಚ್ಚಿದ. ನೀರುದೋಸೆ ತಂದವನನ್ನು ನಿಲ್ಲಿಸಿ, ಅಕ್ಕಿ ಯಾವುದೆಂದು ವಿಚಾರಿಸಿದ. ಶಶಿ ಎಲೆಯಿಂದ ತಲೆಯೆತ್ತದೆ ಉಣ್ಣುತ್ತಿದ್ದಳು. ಕಾಂತಿ ಮಾತ್ರ ನಗು ತಡೆದುಕೊಳ್ಳುತ್ತಿದ್ದಳು.

ಆಮೇಲೆ ಸಾವಿರ ಕಂಬದ ಬಸದಿ. ಹಿರಿಯರು ಕಟ್ಟೆಯ ಮೇಲೆ ಕೂತರು, ಶಶಿ ಒಳಗೆ ಕೈಮುಗಿಯಲು ಹೋದಳು. ಕಾಂತಿ ಒಂದು ಕಂಬದ ಕೆತ್ತನೆ ನೋಡುತ್ತಿದ್ದಾಗ ಭೋಜ ಬಳಿ ಬಂದು ನಿಂತ.

"ಒಂದು ಮಾತು. ನೀಲಿ ಸೀರೆಯ ಹುಡುಗಿ ಅಂತ ನಮ್ಮ ಅತ್ತೆಗೆ ನಿಮ್ಮ ಮನೆಯಿಂದ ಮೊದಲೇ ಹೇಳಿ ಕಳಿಸಿದ್ದು ಒಳ್ಳೇದಾಯ್ತು. ಇಲ್ಲದಿದ್ರೆ ಯಾರನ್ನು ನೋಡ್ಬೇಕು ಅಂತ ನನಗೆ ಗೊತ್ತೇ ಆಗ್ತಿರ್ಲಿಲ್ಲ."

ಕಾಂತಿ ಬಗ್ಗಿ ತಾನು ಉಟ್ಟ ಸೀರೆಯನ್ನು ನೋಡಿಕೊಂಡಳು.

ಅಂದರೆ... ಇವನು ಬೆಳಗ್ಗಿನಿಂದ ನೋಡುತ್ತಿರುವುದು ನನ್ನನ್ನು!

ಸೀರೆಯ ಗುರುತು ಹೆಂಗಸರ ನಡುವಿನ ಮಾತಾಗಿತ್ತು. ಕಾಂತಿಯ ಅತ್ತೆ ಅದನ್ನು ಅವಳಿಗೂ ಹೇಳಿರಲಿಲ್ಲ, ಗಂಡನಿಗೂ ಹೇಳಿರಲಿಲ್ಲ.

ಭೋಜ ಮೆಲ್ಲಗೆ ಕೇಳಿದ. "ಪುಣೆಯಲ್ಲಿ ಚಳಿ ಜಾಸ್ತಿ. ನಿಮಗೆ ಆಗ್ತದಾ?"

ನಾನಲ್ಲ. ಅಷ್ಟು ಹೇಳಿದ್ದರೆ ಸಾಕಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಅವಳನ್ನು ಅದುವರೆಗೆ ಯಾರೂ ಹಾಗೆ ನೋಡಿರಲಿಲ್ಲ, ಯಾರೂ ಅಷ್ಟು ಮೆಲ್ಲಗೆ ಏನನ್ನೂ ಕೇಳಿರಲಿಲ್ಲ.

"ಆಗ್ತದೆ," ಎಂದಳು ಕಾಂತಿ.

*

ಮರುದಿನ ದೋಂಬಯ್ಯ ಶೆಟ್ಟರು ಹೂವು ಹಣ್ಣಿನೊಡನೆ ಮನೆಗೆ ಬಂದರು. "ಹುಡುಗ ಒಪ್ಪಿದ್ದಾನೆ ಸಂಕಪ್ಪಣ್ಣ. ನಿಮ್ಮ ಮಗಳು ಅವನಿಗೆ ಭಾರೀ ಹಿಡಿಸಿದ್ದಾಳೆ."

ತನ್ನನ್ನು ನೋಡಲೆಂದೇ ಅಷ್ಟೆಲ್ಲ ಸುತ್ತಾಡಿಸಿದ್ದು ಎಂದು ಶಶಿಗೆ ಆಗಲೇ ತಿಳಿದದ್ದು. ಅಡುಗೆಮನೆಗೆ ಬಂದವಳು ಕಾಂತಿಯ ಭುಜ ಹಿಡಿದುಕೊಂಡಳು. ಕಣ್ಣು ತುಂಬಿತ್ತು.

"ಬನ್ಸ್ ತಂದಿದ್ದವರಾ? ನಾನು ಅವರ ಮುಖವನ್ನೂ ಸರಿಯಾಗಿ ನೋಡ್ಲಿಲ್ಲ ತಂಗಿ. ಆದ್ರೂ ನನ್ನನ್ನು ನೋಡಿ ಬೇಡ ಅನ್ನದವರು ಒಬ್ರಾದ್ರೂ ಉಂಟಲ್ಲ."

ಕಾಂತಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಎನಿಸಿತು. ಈಗ ಹೇಳಬೇಕು, ಈಗಲೇ... ಆದರೆ ಆ ತುಂಬಿದ ಕಣ್ಣುಗಳಿಗೆ ಹೇಗೆ ಹೇಳುವುದು?

ಅಂದು ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ. ತಪ್ಪಿನ ಮಾತು ತಡವಾದಷ್ಟೂ ಹೇಳುವುದು ಕಷ್ಟ. ಮಾವ "ಎಂತ ಮಗಾ, ಅಕ್ಕ ಹೋಗ್ತಾಳೆ ಅಂತ ಬೇಜಾರಾ?" ಎಂದು ತಲೆ ಸವರಿದರೆ ಅವಳು ಎದ್ದು ಬಾವಿಕಟ್ಟೆಗೆ ಹೋಗುತ್ತಿದ್ದಳು. ಅದಕ್ಕಿಂತಲೂ ನಾಚಿಕೆಯ ಸಂಗತಿ ಬೇರೆ ಇತ್ತು. ಇಷ್ಟೆಲ್ಲ ಆದರೂ ಆ ಬೈರಾಸಿನ ತುದಿ, ಆ ಚೀಲದ ಮಾತು ನೆನಪಾದಾಗ ತುಟಿ ತಾನಾಗಿಯೇ ಅರಳುತ್ತಿತ್ತು. ಆ ನಗುವಿಗಾಗಿ ಅವಳು ತನ್ನನ್ನೇ ಶಪಿಸಿಕೊಳ್ಳುತ್ತಿದ್ದಳು.

ನಿಶ್ಚಿತಾರ್ಥ ಹತ್ತಿರ ಬಂತು. ಒಂದು ಮಧ್ಯಾಹ್ನ ಶಶಿ ಚಾವಡಿಯಲ್ಲಿ ಕೂತು ಕೆಂಪು ಉಲ್ಲನ್ನಿನ ಸ್ವೆಟರ್ ಹೆಣೆಯುತ್ತಿದ್ದಳು. ನಮ್ಮ ಊರಿನ ಸೆಕೆಗೆ ಸ್ವೆಟರ್ ಹೆಣೆಯುವವರನ್ನು ಕಂಡರೆ ಯಾರಿಗಾದರೂ ನಗು ಬರಬೇಕು.

"ಪುಣೆಯಲ್ಲಿ ಭಾರೀ ಚಳಿಯಂತೆ," ಎಂದಳು ಶಶಿ, ಕಡ್ಡಿಗಳಿಂದ ಕಣ್ಣೆತ್ತದೆ. "ನನಗೆ ಆಗ್ತದಾ ತಂಗಿ?"

ಅದೇ ಪ್ರಶ್ನೆ.

ಕಾಂತಿ ಅವಳ ಪಕ್ಕದಲ್ಲಿ ಕೂತಳು. ಅಳುತ್ತಲೇ ಎಲ್ಲವನ್ನೂ ಹೇಳಿದಳು. ನೀಲಿ ಸೀರೆ, ಬಸದಿ, ಅವನು ಕೇಳಿದ್ದು.

ಶಶಿಯ ಕಡ್ಡಿಗಳು ನಿಂತವು. "ನೀನು ಎಂತ ಹೇಳಿದ್ದು?"

"ಆಗ್ತದೆ ಅಂತ... ತಪ್ಪಾಯ್ತು ಅಕ್ಕ."

ಶಶಿ ಉಲ್ಲನ್ನಿನ ಉಂಡೆ ಸುತ್ತುತ್ತಾ ಹೇಳಿದಳು. "ಮೊದಲು ಮೂರು ಜನ ಬೇಡ ಅಂದ್ರು. ಅವರೆಲ್ಲ ಹೊರಗಿನವರು ಕಾಂತಿ."

ಎದ್ದು ಒಳಗೆ ಹೋದಳು. ತಂಗಿ ಎನ್ನದೆ ಹೆಸರು ಹಿಡಿದು ಕರೆದದ್ದು ಕಾಂತಿಗೆ ಹೊಡೆತಕ್ಕಿಂತ ಹೆಚ್ಚು ನೋವು ಕೊಟ್ಟಿತು.

*

ಮಾವನಿಗೂ ಕಾಂತಿಯೇ ಹೇಳಿದಳು. ಅವರು ಬೈಯಲಿಲ್ಲ. ಅಂಗಿ ಹಾಕಿಕೊಂಡು, ತಲೆ ತಗ್ಗಿಸಿ, ದೋಂಬಯ್ಯ ಶೆಟ್ಟರ ಮನೆಗೆ ಹೋಗಿಬಂದರು. ವಾರ ಕಳೆಯುವಷ್ಟರಲ್ಲಿ ಆ ಕಡೆಯಿಂದ ಉತ್ತರ ಬಂತು. ನೀಲಿ ಸೀರೆಯ ಹುಡುಗಿ ಯಾರೇ ಆಗಿರಲಿ, ಭೋಜ ಅವಳನ್ನೇ ಕೇಳುತ್ತಾನೆ.

"ನನಗೆ ಬೇಡ ಮಾವ," ಎಂದಳು ಕಾಂತಿ.

"ಮನಸ್ಸಿಲ್ಲವಾ?"

"ಮನಸ್ಸುಂಟು. ಆದ್ರೆ ಬೇಡ. ಅಕ್ಕನ ಎದುರು ಆ ತಾಳಿ ಕಟ್ಟಿಸಿಕೊಂಡು ನಾನು ಹೇಗೆ ತಲೆಯೆತ್ತುವುದು?"

ಮೂಡುಬಿದಿರೆ ಹತ್ತಿರದ ತೋಡಾರಿನ ಶಾಲೆಯಲ್ಲಿ ಅವಳಿಗೆ ಟೀಚರ್ ಕೆಲಸ ಸಿಕ್ಕಿತು. ಅಲ್ಲೇ ಒಂದು ಕೋಣೆ ಹಿಡಿದಳು. ಬೇಸಿಗೆಯಲ್ಲಿ ಶಶಿಗೆ ಮದುವೆಯಾಯಿತು. ಬಂಟ್ವಾಳದಲ್ಲಿ ಅಕ್ಕಿ ಮಿಲ್ಲು ನಡೆಸುವ ಜತ್ತಪ್ಪ ರೈ ಮನೆಗೇ ಬಂದು ನೋಡಿದ್ದರು. ಈ ಸಲ ಶಶಿಯ ಬಾಯಿ ಕಟ್ಟಲಿಲ್ಲವಂತೆ. "ನನ್ನನ್ನು ಮೂವರು ಬೇಡ ಅಂದಿದ್ದಾರೆ, ಒಬ್ಬರು ತಪ್ಪಿ ಒಪ್ಪಿದ್ರು. ನಿಮ್ಮದೆಂತ ಕತೆ?" ಎಂದು ನೇರ ಕೇಳಿದಳಂತೆ. ಜತ್ತಪ್ಪ ಹೊಟ್ಟೆ ಹಿಡಿದು ನಕ್ಕು ಅಲ್ಲೇ ಒಪ್ಪಿದರಂತೆ.

ಆ ಮದುವೆಯಲ್ಲಿ ಕಾಂತಿ ಎಲೆ ಹಾಕಿದಳು, ಬಡಿಸಿದಳು, ಪಾತ್ರೆ ತೊಳೆದಳು. ಮಂಟಪದ ಹತ್ತಿರ ಹೋಗಲಿಲ್ಲ. ಶಶಿಯೂ ಕರೆಯಲಿಲ್ಲ.

*

ಮತ್ತೆ ಡಿಸೆಂಬರ್ ಬಂತು. ಒಂದು ಭಾನುವಾರ ಬೆಳಿಗ್ಗೆ ತೋಡಾರಿನ ಕೋಣೆಯ ಎದುರು ಕಾರು ನಿಂತಿತು. ಇಳಿದವಳು ಶಶಿ. ಉಟ್ಟಿದ್ದು ಅದೇ ನೀಲಿ ಸೀರೆ.

"ಹೊರಡು. ಗಡಾಯಿಕಲ್ಲಿಗೆ ಹೋಗುವ."

"ಎಂತಕ್ಕೆ ಅಕ್ಕ?"

"ಎಂತಕ್ಕೆ ಅಂತ ಹೇಳಿ ಕರ್ಕೊಂಡು ಹೋಗುವ ಪದ್ಧತಿ ನಮ್ಮ ಮನೆಯಲ್ಲಿ ಇಲ್ಲ."

ದಾರಿಯುದ್ದಕ್ಕೂ ಶಶಿ ಮಿಲ್ಲಿನ ಧೂಳು, ಅತ್ತೆಯ ಮಂಡಿನೋವು ಎಂದು ಮಾತಾಡುತ್ತಲೇ ಇದ್ದಳು. ಮೊದಲ ತಿರುವು ಬಂದಾಗ ಹಿಂದಿನ ಸಲದ ಜಾಗದಲ್ಲೇ ಉಸ್ಸೆಂದು ಕೂತಳು. ಒಂದು ಬಟ್ಟೆಯ ಚೀಲ ಕಾಂತಿಯ ಕೈಗಿಟ್ಟಳು.

"ಆ ಪುಣೆಯವರು ಹೋದ ತಿಂಗಳು ನಮ್ಮನೆಗೆ ಬಂದಿದ್ರು, ನನ್ನ ಹತ್ರ ಕ್ಷಮೆ ಕೇಳ್ಲಿಕ್ಕೆ. ಅವರು ಬರಬೇಕಾದರೆ ಒಂದು ವರ್ಷ ಬೇಕಾಯ್ತು. ನನಗೂ ಅಷ್ಟೇ ಬೇಕಾಯ್ತು ಅಂತ ಇಟ್ಕೋ." ಶಶಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಸಿಟ್ಟು ಪೂರ್ತಿ ಹೋಗಿದೆ ಅಂತ ನಾನು ಹೇಳುವುದಿಲ್ಲ. ಸ್ವಲ್ಪ ಉಂಟು. ಇರ್ಲಿ. ನೀನು ಮೇಲೆ ಹೋಗು ತಂಗಿ."

ತಂಗಿ... ಆ ಮಾತು ಕೇಳಿ ಕಾಂತಿಗೆ ಮೆಟ್ಟಿಲು ಮಸುಕಾಗಿ ಕಂಡಿತು.

ಇಕ್ಕಟ್ಟಿನ ಜಾಗದಲ್ಲಿ ಭೋಜ ಕೂತಿದ್ದ. ಅವಳನ್ನು ಕಂಡು ಎದ್ದು ನಿಂತ. ಸ್ವಲ್ಪ ಸೊರಗಿದ್ದ.

"ತಪ್ಪು ನನ್ನದೂ ಉಂಟು," ಎಂದ. "ಸೀರೆ ನೋಡಿದೆ. ಹೆಸರು ಕೇಳ್ಲಿಲ್ಲ. ನಿಮ್ಮ ಅಕ್ಕ ಎದುರೇ ಕೂತು ಊಟ ಮಾಡಿದ್ರು, ನಾನು ಒಂದು ಮಾತೂ ಆಡ್ಸಲಿಲ್ಲ."

"ನಿಮಗೆ ಗೊತ್ತಿರ್ಲಿಲ್ಲ. ನನಗೆ ಗೊತ್ತಿತ್ತು."

ಭೋಜ ಹೌದೆಂಬಂತೆ ತಲೆಯಾಡಿಸಿದ. ಅದನ್ನವನು ಅಲ್ಲಗಳೆಯದೆ ಇದ್ದದ್ದೇ ಕಾಂತಿಗೆ ಸಮಾಧಾನ ತಂದಿತು.

ಅವಳು ಚೀಲ ಬಿಚ್ಚಿದಳು. ಒಳಗೆ ಕೆಂಪು ಸ್ವೆಟರ್ ಇತ್ತು. ಅಂದು ಅರ್ಧಕ್ಕೆ ನಿಂತಿದ್ದನ್ನು ಶಶಿ ಪೂರ್ತಿ ಮಾಡಿದ್ದಳು. ಕಾಂತಿ ತಿರುಗಿ ಕೆಳಗೆ ನೋಡಿದಳು. ಆ ಆಳದಲ್ಲಿ ಈಗ ಅವಳಿಗೆ ಕಂಡದ್ದು ಒಂದು ಚೂರು ನೀಲಿ ಮಾತ್ರ. ಆ ನೀಲಿ ಅವಳತ್ತ ಕೈಬೀಸುತ್ತಿತ್ತು.

"ಒಂದು ತೋಳು ಉದ್ದ ಆಗಿದೆ," ಶಶಿ ಕೆಳಗಿನಿಂದ ಕೂಗಿ ಹೇಳಿದಳು. "ಸಿಟ್ಟಿನಲ್ಲಿ ಹೆಣೆದದ್ದು."

ಕಾಂತಿ ಅಳುತ್ತಾ ನಕ್ಕಳು. ಸ್ವೆಟರನ್ನು ಎದೆಗವಚಿಕೊಂಡು ಭೋಜನ ಕಡೆ ತಿರುಗಿದಳು.

"ನಾನು ಕಾಂತಿ. ಸಂಕಪ್ಪ ಶೆಟ್ಟರ ಮಗಳಲ್ಲ, ತಂಗಿಯ ಮಗಳು. ಶಶಿಯಕ್ಕನ ತಂಗಿ. ಈಗ ಕೇಳಿ."

ಭೋಜ ಹೆಗಲ ಬೈರಾಸು ತೆಗೆಯಲು ಕೈ ಹಾಕಿದವನು, ಯಾಕೋ ಬಿಟ್ಟು, ಬರಿಗೈ ಚಾಚಿದ. "ಪುಣೆಯಲ್ಲಿ ಚಳಿ ಜಾಸ್ತಿ ಕಾಂತಿ. ನಿಮಗೆ ಆಗ್ತದಾ?"

"ಆಗ್ತದೆ. ಅಕ್ಕ ಸ್ವೆಟರ್ ಕೊಟ್ಟಿದ್ದಾಳೆ," ಎಂದು ಅವಳು ಅವನ ಕೈ ಹಿಡಿದಳು.

"ಆ ಉದ್ದದ ತೋಳನ್ನು ಪುಣೆಯಲ್ಲಿ ಸರಿ ಮಾಡಿಸುವ."

"ಬೇಡ," ಎಂದಳು ಕಾಂತಿ. "ಅದು ಹಾಗೇ ಇರ್ಲಿ."