ಮೊಳೆ ಹೊಡೆಯದ ಶವಪೆಟ್ಟಿಗೆ

ಖಡ್ಗದ ಮೊನೆ ಅವಳ ಕೊರಳಿಗೆ ಒಂದು ಬೆರಳಿನಷ್ಟು ದೂರದಲ್ಲಿ ನಿಂತಿತು.

ನಿಲ್ಲಿಸಿದ್ದು ಅವನಲ್ಲ.

ಚಿನ್ ವಾನ್‌ಶು ಚಾಪೆಯ ಮೇಲಿಂದ ಎದ್ದೂ ಇರಲಿಲ್ಲ. ಸೂತಕದ ಬಿಳಿ ಅಂಗಿಯ ತೋಳಿನೊಳಗಿಂದ ಎರಡು ಬೆರಳು ಮಾತ್ರ ಹೊರಬಂದಿದ್ದವು. ಅಂಗಳಕ್ಕೆ ಬೀಳುತ್ತಿದ್ದ ಹಿಮ ಕೂಡ ಆ ಕ್ಷಣ ಗಾಳಿಯಲ್ಲೇ ತಡೆದು ನಿಂತಿತ್ತು!

ಮುಖಕ್ಕೆ ಕಪ್ಪು ಬಟ್ಟೆ ಕಟ್ಟಿದ್ದ ಅಪರಿಚಿತ ಹಿಂದಕ್ಕೆ ಜಿಗಿದ. ಕಾಲು ಊರುವಾಗ ಕುಂಟಿದ.

"ಇನ್ನೊಮ್ಮೆ ಬರ್ತೀರಾ?"

ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಏನೂ ಇರಲಿಲ್ಲ.

ಅವಳ ಬೆನ್ನ ಹಿಂದೆ ಒಂದು ಶವಪೆಟ್ಟಿಗೆ. ಒಳಗೆ ಶವವಿಲ್ಲ. ಮೂರು ವರ್ಷದ ಹಿಂದೆ ಕಣಿವೆಗೆ ಬಿದ್ದು ಕಾಣೆಯಾದ ಈ ಗರಡಿಯ ಗುರು ಹೋ ತಿಂಗ್‌ಯಾನ ಬಟ್ಟೆಗಳಷ್ಟೇ ಇವೆ.

ಬೆಟ್ಟದ ಕಟ್ಟಳೆ ಹಳೆಯದು. ಮುಚ್ಚಳಕ್ಕೆ ಕೊನೆಯ ಮೊಳೆಯನ್ನು ಹೆಂಡತಿಯೇ ಹೊಡೆಯಬೇಕು. ಹೊಡೆದರೆ ಗಂಡ ಸತ್ತಂತೆ. ಹುಡುಕಾಟ ನಿಲ್ಲುತ್ತದೆ, ಹೊಸ ಗುರು ಗದ್ದುಗೆ ಏರುತ್ತಾನೆ. ಅಲ್ಲಿಯವರೆಗೆ ಗದ್ದುಗೆ ಅವಳದು. ಹೊಡೆಯಲಾರೆ ಎಂದರೆ ಯಾರಾದರೂ ಅವಳನ್ನು ಕಾಳಗದಲ್ಲಿ ಸೋಲಿಸಬೇಕು.

ಸೋಲಿಸಲು ಬಂದವರೆಲ್ಲ ತಲೆ ತಗ್ಗಿಸಿ ಬೆಟ್ಟ ಇಳಿದಿದ್ದರು. ಅವಳು ಯಾರ ಮೂಳೆಯನ್ನೂ ಮುರಿದಿರಲಿಲ್ಲ.

"ಸಾಕು ಮಾಡಮ್ಮಾ!" ಗರಡಿಯ ಚಿಕ್ಕಗುರು, ಹಿರಿಯ ಗಾವ್ ಕಂಬಕ್ಕೊರಗಿ ಸಿಡುಕಿದ. "ಕಾಣೆಯಾದವನ ಹೆಸರು ಕೆತ್ತಿದ ಹಲಗೆ ಜೊತೆ ಮದುವೆ ಮಾಡ್ಕೊಂಡೆ. ಒಂದು ದಿನ ಸಂಸಾರ ಮಾಡಿದವಳಲ್ಲ. ಅದ್ಯಾವ ಗಂಡ ಅಂತ ಕಾಯ್ತೀಯ?"

"ಅಷ್ಟು ಆತುರ ಇದ್ರೆ ನೀವೇ ಖಡ್ಗ ತಗೊಳ್ಳಿ, ಚಿಕ್ಕಗುರುಗಳೇ."

"ನನಗೆ ಸೊಂಟ ನೋವು."

"ಗದ್ದುಗೆ ಹತ್ತೋವಾಗ ನೋಯಲ್ವಾ?"

ಶಿಷ್ಯರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮುಸುಕಿನವನು ನಗಲಿಲ್ಲ.

'ಗದ್ದುಗೆ... ಅದಕ್ಕೇ ತಾನೇ ನನ್ನ ಹೆಸರನ್ನ ಮದುವೆಯಾಗಿದ್ದು!'

ಹೌದು, ಅವನೇ ತಿಂಗ್‌ಯಾ. ಒಂದು ಕಾಲಕ್ಕೆ ಇದೇ ಅಂಗಳದಲ್ಲಿ ಅವಳ ಜೊತೆ ಅಭ್ಯಾಸ ಮಾಡಿದವನು. ಇಬ್ಬರ ಎದೆಯಲ್ಲೂ ಇದ್ದ ಮಾತನ್ನು ಇಬ್ಬರೂ ಆಡಿರಲಿಲ್ಲ.

"ಆ ಪೆಟ್ಟಿಗೆಯಲ್ಲಿ ಏನು ಬಚ್ಚಿಟ್ಟಿದ್ದೀಯ?" ಎಂದು ಕೂಗುತ್ತ ಅವನು ಮುಚ್ಚಳದ ಮೇಲೆ ಖಡ್ಗ ಬೀಸಿದ.

ಆಗ ಮಾತ್ರ ಅವಳು ಎದ್ದಳು. ಶಕ್ತಿ ಪ್ರಯೋಗಿಸಿದರೆ ಪೆಟ್ಟಿಗೆ ಚೂರಾಗುತ್ತಿತ್ತು. ಬರಿಗೈಯಲ್ಲೇ ಅಲಗನ್ನು ಹಿಡಿದಳು. ರಕ್ತ ಬಿಳಿ ತೋಳಿಗೆ ಇಳಿಯಿತು.

ಆ ಎಳೆದಾಟದಲ್ಲಿ ಮೊಳೆ ಹೊಡೆಯದ ಮುಚ್ಚಳ ಸರಿಯಿತು. ಒಳಗೆ ಮಡಿಸಿಟ್ಟ ನಿಲುವಂಗಿ. ಅದರ ತುಂಬ ಹೊಸ ಹತ್ತಿ. ಸತ್ತವನಿಗಲ್ಲ... ಚಳಿಯಲ್ಲಿ ಮನೆಗೆ ಬರುವವನಿಗೆ ಹೊಲಿದ ಹಾಗಿತ್ತು.

"ನೋಡಿದ್ಯಲ್ಲಪ್ಪಾ, ಇದೇ ನಮ್ಮ ನಿಧಿ!" ಗಾವ್ ಗೊಣಗಿದ. "ಹುಡುಕಿದ್ದು ಸಾಕು, ಮಣ್ಣು ಮಾಡೋಣ ಅಂದ್ವಿ. ಬೇಡ ಅಂದ್ಲು. ಬೇಡ ಅನ್ನೋ ಹಕ್ಕು ಹೆಂಡ್ತಿಗೆ ಮಾತ್ರ ಅಂತ ಬಾಯಿ ತಪ್ಪಿ ಅಂದ್ಬಿಟ್ಟೆ. ಮಾರನೇ ದಿನವೇ ಹಲಗೆ ಮುಂದೆ ಬಂದು ನಿಂತ್ಲು, ಹಠಮಾರಿ! ಇವತ್ತಿಗೂ ಕಣಿವೆಗೆ ಹಗ್ಗ ಇಳಿಬಿಟ್ಟು ಹುಡುಕ್ತಾಳೆ."

ಖಡ್ಗ ತಿಂಗ್‌ಯಾನ ಕೈಯಿಂದ ಜಾರಿತು.

ಅವನು ನಿಧಾನವಾಗಿ ಮುಸುಕು ಬಿಚ್ಚಿದ. ಗಾವ್‌ನ ಬಾಯಿ ತೆರೆದೇ ಉಳಿಯಿತು. ಶಿಷ್ಯರು ಒಬ್ಬೊಬ್ಬರಾಗಿ ಮಂಡಿಯೂರಿದರು.

ವಾನ್‌ಶು ಮಾತ್ರ ನಿಂತೇ ಇದ್ದಳು.

"ನೀನು ಎಡಗೈಯಲ್ಲಿ ಹೋರಾಡಿದೆ," ಎಂದಳು.

"ಬಲಗೈ ಏಳಲ್ಲ ಈಗ."

"ನೀನು ಬದುಕಿದ್ದೆ..."

"ಹ್ಞೂಂ. ನದಿ ದೂರ ಕೊಂಡೊಯ್ದಿತ್ತು."

"ಒಂದು ಮಾತು ಹೇಳಿ ಕಳಿಸಬಹುದಿತ್ತು."

ಅವನು ತಲೆ ಎತ್ತಲಿಲ್ಲ.

"ಗದ್ದುಗೆಗೋಸ್ಕರ ಮದುವೆಯಾದಳು ಅಂತ ಜನ ಅಂದ್ರು. ನಂಬಿದೆ. ನಿನ್ನನ್ನ ದ್ವೇಷಿಸಿದೆ, ವಾನ್‌ಶು. ಆ ದ್ವೇಷದಲ್ಲೇ ಮತ್ತೆ ನಡೆಯೋಕೆ ಕಲಿತೆ."

ಹಿಮ ಅವರಿಬ್ಬರ ನಡುವೆ ಬೀಳುತ್ತಿತ್ತು.

"ನಡೆದ್ಯಲ್ಲ," ಎಂದಳು ಅವಳು. "ಸಾಕು."

ಅವಳು ಗಾಯದ ಕೈಯನ್ನು ಮುಷ್ಟಿ ಕಟ್ಟಿದಳು. "ಇಲ್ಲ... ಸಾಕಲ್ಲ. ನನಗೆ ಸಿಟ್ಟಿದೆ, ತಿಂಗ್‌ಯಾ. ತುಂಬಾ ಸಿಟ್ಟಿದೆ."

"ಇರಲಿ. ಎಷ್ಟು ದಿನ ಬೇಕೋ ಅಷ್ಟು ದಿನ ಇಟ್ಕೋ. ನಾನೆಲ್ಲೂ ಹೋಗಲ್ಲ."

ಬಂದವರನ್ನೆಲ್ಲ ಕುಳಿತಲ್ಲೇ ಸೋಲಿಸಿದವಳು ಮೆಟ್ಟಿಲ ಮೇಲೆ ಕುಸಿದು ಕೂತಳು. ಅವನೂ ಪಕ್ಕದಲ್ಲಿ ಕೂತ. ಒಂದೇ ಕೈಯಲ್ಲಿ ಅವಳ ಗಾಯಕ್ಕೆ ಬಟ್ಟೆ ಸುತ್ತಲು ಹೋದ, ಆಗಲಿಲ್ಲ. ಗಂಟಿನ ಇನ್ನೊಂದು ತುದಿಯನ್ನು ಅವಳೇ ಹಲ್ಲಿನಲ್ಲಿ ಕಚ್ಚಿ ಎಳೆದಳು.

"ನಿನ್ನನ್ನ ಕೇಳದೇ ಮದುವೆಯಾದೆ," ಎಂದಳು ನೆಲ ನೋಡುತ್ತ.

"ಗೊತ್ತು."

"ಈಗ ಕೇಳಲಾ?"

"ಕೇಳು."

ಅವಳು ಬಾಯಿ ತೆರೆದಳು. ಮೂರು ವರ್ಷ ಬಾರದಿದ್ದ ಅಳು ಈಗ ಬಂತು. ಒಂದು ಮಾತೂ ಹೊರಡಲಿಲ್ಲ.

ಅವನು ಕಾದ. ಅವಳ ತಲೆಯ ಮೇಲಿನ ಹಿಮವನ್ನು ಮೆಲ್ಲಗೆ ಒರೆಸಿದ.

"ಒಪ್ಪಿಗೆ," ಎಂದ.