ಯಾರು ಎಂದು ಕೇಳುವ ಕಾಳು

ಶಮೀಮ ನದಾಫ ಕುರ್ಚಿ ಎಳೆದುಕೊಂಡು ಕೂತಳು. ಕಡಲೆಕಾಳಿನ ಗಾತ್ರದ ಯಂತ್ರವನ್ನು ಬಲಗಿವಿಯ ಹಿಂದೆ ಅಂಟಿಸಿಕೊಂಡು ಚಹಾದ ಲೋಟ ಎತ್ತಿಕೊಂಡಳು. ಸ್ಟೇಶನ್ ರೋಡಿನ ದೀಪಗಳನ್ನು ಲೈನ್‌ಮನ್ ಹುಸೇನಪ್ಪ ಇವತ್ತು ಹಾಕುತ್ತಾರೆ ಎಂದು ತನ್ನಷ್ಟಕ್ಕೆ ಮಾತಾಡುವಂತೆ ಹೇಳಿದಳು. ಎದುರಿನ ಪರದೆಯ ಮೇಲೆ ಜಾಲತಾಣದಲ್ಲಿನ ನೀರಲಗೇರಿ ನಗರಸಭೆಯ ಬೀದಿದೀಪ ಖಾತೆ ತಾನಾಗಿ ತೆರೆದುಕೊಂಡು, ಆ ಮಾತು ಒಪ್ಪವಾದ ಕನ್ನಡದಲ್ಲಿ ಪ್ರಕಟವಾಯಿತು. ಮಾಲಿ ಗುಲಾಬಿ ಸಸಿ ಹಂಚುತ್ತಾನೆ ಅಂದಳು. ಉದ್ಯಾನದ ಖಾತೆ ತೆರೆಯಿತು. "ಅವ್ವಾ, ನಾ ಮಧ್ಯಾಹ್ನ ಊಟಕ್ಕ ಬರೂದಿಲ್ಲ" ಅಂದಳು. ಅದು ಅವಳ ಸ್ವಂತ ಖಾತೆಯಿಂದ ಮನೆಗೆ ಹೋಯಿತು. ಮೂರು ಗುಟುಕು ಚಹಾ ಮುಗಿಯುವಷ್ಟರಲ್ಲಿ ಮೂರು ಖಾತೆಗಳ ಕೆಲಸ ಮುಗಿದಿತ್ತು. ಅವಳ ಹೆಬ್ಬೆರಳು ಮಾತ್ರ ಹಳೆಯ ಅಭ್ಯಾಸಕ್ಕೆ ಗಾಳಿಯಲ್ಲಿ ಅಲುಗುತ್ತಿತ್ತು.

ಇದು 2043ರ ಜನವರಿಯ ಮಾತು. ನಗರಸಭೆಗೆ ಆಗ ಒಂಬತ್ತು ಖಾತೆಗಳು: ನೀರು, ಬೀದಿದೀಪ, ರಸ್ತೆ, ಕಸ, ಉದ್ಯಾನ, ತೆರಿಗೆ, ಆರೋಗ್ಯ, ಜನನ ಮರಣ ನೋಂದಣಿ, ಇವೆಲ್ಲಕ್ಕೂ ಮೇಲೆ ಪೌರಾಯುಕ್ತರದು. ಒಂಬತ್ತಕ್ಕೂ ಸೇರಿ ಒಬ್ಬಳೇ ನಿರ್ವಾಹಕಿ, ಅದೂ ಹೊರಗುತ್ತಿಗೆಯ ಮೇಲೆ. ಬೆಳಗಿನಿಂದ ಸಂಜೆಯವರೆಗೆ ಒಂದು ಖಾತೆಯಿಂದ ಹೊರಬಿದ್ದು ಇನ್ನೊಂದನ್ನು ಹೊಗುವುದೇ ಅವಳ ಕೆಲಸ. ಹಿಂದಿನ ವರ್ಷ ಫಲಪುಷ್ಪ ಪ್ರದರ್ಶನದ ಆಹ್ವಾನವನ್ನು ಅವಸರದಲ್ಲಿ ಮರಣ ನೋಂದಣಿಯ ಖಾತೆಯಿಂದ ಹಾಕಿಬಿಟ್ಟಿದ್ದಳು. "ಕುಟುಂಬ ಸಮೇತ ಬನ್ನಿ, ಎಲ್ಲ ವ್ಯವಸ್ಥೆಯಾಗಿದೆ" ಎಂಬ ಆ ಸಾಲು ರಾಜ್ಯವೆಲ್ಲ ಸುತ್ತಿ ಬಂತು. ಹೊಸ ಯಂತ್ರದ ಮೂರು ತಿಂಗಳ ಪ್ರಯೋಗಕ್ಕೆ ನೀರಲಗೇರಿಯನ್ನೇ ಆರಿಸಲು ಆ ಸಾಲೇ ಕಾರಣ.

ಅವಳ ಸ್ವಂತ ಖಾತೆ ಹತ್ತನೆಯದು. ಅದರಿಂದ ಅವಳು ಮಾಡುತ್ತಿದ್ದ ಮುಖ್ಯ ಕೆಲಸವೆಂದರೆ ನಗರಸಭೆಗೆ ದೂರು ಕೊಡುವುದು. ಪಿಂಜಾರ ಓಣಿಯಲ್ಲಿ ಹೊಸ ಪೈಪು ಹಾಕಲು ಗಣೇಶನ ಹಬ್ಬಕ್ಕೆ ಮುಂಚೆ ನೆಲ ಅಗೆದಿದ್ದರು. ಪೈಪು ಬಂತು, ಮಣ್ಣು ಮುಚ್ಚಿತು, ನೀರು ಬರಲಿಲ್ಲ. ಅವಳ ಅವ್ವ ಮಂಡಿನೋವು ಇಟ್ಟುಕೊಂಡು ಎರಡು ಓಣಿ ದಾಟಿ ಬೋರಿನಿಂದ ಕೊಡ ಹೊರುತ್ತಿದ್ದಳು. ಶಮೀಮ ಹನ್ನೊಂದು ಸಲ ದೂರು ಬರೆದಿದ್ದಳು. ಹನ್ನೊಂದು ಸಲವೂ ನೀರಿನ ಖಾತೆಗೆ ಹೊಕ್ಕು ತನಗೆ ತಾನೇ ಉತ್ತರ ಕೊಟ್ಟಿದ್ದಳು: "ಸೂಕ್ತ ಕ್ರಮ ಕೈಗೊಳ್ಳಲಾಗುವುದು." ಇದರಲ್ಲಿ ತಮಾಷೆ ಇದೆಯೆಂದು ಅವಳಿಗೆ ಹೊಳೆದಿರಲಿಲ್ಲ. ಕೆಲಸ ಕೆಲಸ, ಮನೆ ಮನೆ.

ಯಂತ್ರದ ಹೆಸರು ಮುಖಪಲ್ಲಟ. ಕಚೇರಿಯವರು ಅದನ್ನು ಕಾಳು ಎಂದೇ ಕರೆದರು. ಮಾಡಿದವರು ಧಾರವಾಡದ ಭಾಷಾವಿಜ್ಞಾನಿ ಪದ್ಮರಾಜ ಉಪಾಧ್ಯೆ. ಮೊದಲ ದಿನ ಅವರೇ ಬಂದು ಪಕ್ಕದಲ್ಲಿ ಕೂತು ವಿವರಿಸಿದ್ದರು. ಹಳೆಯ ಯಂತ್ರಗಳು ಪದ ಹಿಡಿದು ಖಾತೆ ಆರಿಸುತ್ತಿದ್ದವು. ನೀರು ಎಂಬ ಪದ ಕೇಳಿದರೆ ನೀರಿನ ಖಾತೆ. ಆದರೆ ರಸ್ತೆಯ ಗುಂಡಿಯಲ್ಲಿ ನಿಂತದ್ದೂ ನೀರೇ, ಉದ್ಯಾನದ ಗಿಡಕ್ಕೆ ಹಾಕುವುದೂ ನೀರೇ. ಹಾಗಾಗಿ ಉಪಾಧ್ಯೆಯವರು ಪದ ಬಿಟ್ಟು ವ್ಯಾಕರಣ ಹಿಡಿದರು. ಕಾಳಿನೊಳಗೆ ಕರ್ತೃಶೋಧಕ ಎಂಬ ಭಾಗವಿತ್ತು. ವಾಕ್ಯದಲ್ಲಿ ಕೆಲಸ ಮಾಡುವವರು ಯಾರು ಎಂದು ಅದು ಹುಡುಕುತ್ತಿತ್ತು. ಮಾಡುವವರು ಯಾರೋ ಖಾತೆ ಅವರದು. ಕರೆಂಟು ಹೋಯಿತು, ಬಸ್ಸು ತಡವಾಯಿತು ಎಂಬಂಥ ಮಾತುಗಳಿಂದ ಗೊಂದಲವಾಗದಂತೆ ಅವರು ಇನ್ನೊಂದು ನಿಯಮ ಸೇರಿಸಿದ್ದರು. ಬರುತ್ತಾನೆ, ಬರುತ್ತಾಳೆ, ಬರುತ್ತಾರೆ ಎನ್ನಿಸಿಕೊಳ್ಳುವವರು ಮಾತ್ರ ಕರ್ತೃ. ಬರುತ್ತದೆ ಎನ್ನಿಸಿಕೊಳ್ಳುವುದು ಲೆಕ್ಕಕ್ಕಿಲ್ಲ.

"ಮಾಡೋರು ಇಲ್ಲದ ಕೆಲಸ ಇರೂದಿಲ್ಲ ನೋಡ್ರಿ," ಅಂದಿದ್ದರು ಉಪಾಧ್ಯೆ.

"ಸರ್, ನೀವು ಸರ್ಕಾರಿ ಪತ್ರ ಓದೀರೇನ್ರಿ?" ಎಂದು ಶಮೀಮ ಕೇಳಿದ್ದಳು. ಅವರು ನಕ್ಕು ಬಸ್ಸು ಹಿಡಿದರು.

ಚಹಾದ ಜೊತೆ ಪ್ರಕಟಣೆಗಳೂ ಮುಗಿದು ದೂರುಗಳ ಸರದಿ ಬಂದಾಗ ಅವರ ನಗೆಯ ಬೆಲೆ ಗೊತ್ತಾಯಿತು. ಕೊಪ್ಪದ ಬಡಾವಣೆಯಲ್ಲಿ ನಲ್ಲಿ ಒಡೆದು ವಾರವಾಗಿತ್ತು. ಶಮೀಮ ಎಂದಿನಂತೆ ಕ್ರಮ ಕೈಗೊಳ್ಳಲಾಗುವುದು ಅಂದಳು.

"ಯಾರು?" ಎಂದು ಕಾಳು ಕಿವಿಯಲ್ಲಿ ಕೇಳಿತು.

ಅವಳು ಇನ್ನೊಮ್ಮೆ ಬಿಡಿಸಿ ಹೇಳಿದಳು. ಕಾಳು ಇನ್ನೊಮ್ಮೆ ಕೇಳಿತು. ನೀರು ವಿಭಾಗ ಕ್ರಮ ಕೈಗೊಳ್ಳುತ್ತದೆ ಅಂದರೆ, ವಿಭಾಗದಲ್ಲಿ ಯಾರು ಅಂದಿತು. ಅಧಿಕಾರಿಗಳು ಅಂದರೆ, ಯಾವ ಅಧಿಕಾರಿ ಅಂದಿತು. ಅದರ ದನಿಯಲ್ಲಿ ಸಿಟ್ಟಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ಒಂದನೆಯ ತರಗತಿಯ ಮಗು ಕೇಳಿದಂತೆ ಇತ್ತು. ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತಾರು ಉತ್ತರಗಳು ಗಂಟಲಲ್ಲೇ ಉಳಿದಿದ್ದವು. ಉಪಾಧ್ಯೆಯವರಿಗೆ ಫೋನು ಮಾಡಿದಳು. ಮನೆಯ ಮಾತು, ಸಂತೆಯ ಮಾತು, ಬಸ್ಸಿನ ಮಾತು ಎಲ್ಲದರ ಮೇಲೂ ಯಂತ್ರವನ್ನು ಪರೀಕ್ಷಿಸಿದ್ದೆ, ಕಚೇರಿಯ ಮಾತಿನ ಮೇಲೆ ಪರೀಕ್ಷಿಸುವುದು ಹೊಳೆಯಲಿಲ್ಲ ಎಂದು ಅವರು ಒಪ್ಪಿಕೊಂಡರು. ಸರಿಪಡಿಸಲು ಎರಡು ವಾರ ಬೇಕಂತೆ.

ಹಸಿವಾಗಿತ್ತು. ಕಾಳು ಮತ್ತೆ ಕೇಳಿತು. "ಅಯ್ಯ, ಕೋರಿ ಸಾಹೇಬ್ರು ಮಾಡ್ತಾರ, ಮತ್ಯಾರು ಮಾಡ್ತಾರ," ಅಂದಳು ಶಮೀಮ.

ನೀರಿನ ಖಾತೆ ತೆರೆಯಿತು. "ಕೊಪ್ಪದ ಬಡಾವಣೆಯ ನಲ್ಲಿಯನ್ನು ಸಹಾಯಕ ಇಂಜಿನಿಯರ್ ಚನ್ನಬಸಪ್ಪ ಕೋರಿ ಸರಿಪಡಿಸುತ್ತಾರೆ." ಸಾಲು ಊರಿಗೆಲ್ಲ ಕಾಣಿಸಿತು. ಕೋರಿಯವರ ಫೋನಿಗೂ ಒಂದು ಪ್ರತಿ ಹೋಯಿತು, ಅದು ಯಂತ್ರದ ಕ್ರಮ. ಶಮೀಮ ಕೊಂಚ ಹೊತ್ತು ಪರದೆ ನೋಡಿದಳು. ಬಳಿಕ ಉಳಿದ ಇಪ್ಪತ್ತೈದಕ್ಕೂ ಗೊತ್ತಿದ್ದ ಹೆಸರುಗಳನ್ನೇ ಹೇಳಿ ಊಟಕ್ಕೆ ಎದ್ದಳು. ಪಿಂಜಾರ ಓಣಿಯ ತನ್ನ ದೂರನ್ನೂ ಹನ್ನೆರಡನೆಯ ಸಲ ಬರೆದು ಇಪ್ಪತ್ತೇಳನೆಯದಾಗಿ ಸೇರಿಸಬಹುದಿತ್ತು. ಸೇರಿಸಲಿಲ್ಲ. ಖಾತೆ ಕೈಯಲ್ಲಿದೆಯೆಂದು ತನ್ನ ಮನೆಗೆ ನೀರು ಬಿಡಿಸಿಕೊಂಡಳು ಎಂದು ಜನ ಅನ್ನುವುದು ಖಂಡಿತ, ಗುತ್ತಿಗೆ ಮಾರ್ಚಿಗೆ ಮುಗಿಯುವುದೂ ಖಂಡಿತ.

ಮರುದಿನ ಕೋರಿಯವರು ಅವಳ ಮೇಜಿನ ಹತ್ತಿರ ಬಂದು ನಿಂತರು. ಒಳ್ಳೆಯ ಮನುಷ್ಯ, ಸಹಿ ಹಾಕುವುದೊಂದು ಬಿಟ್ಟು ಉಳಿದೆಲ್ಲಕ್ಕೂ ಮುಂದೆ. ಬೆಳಿಗ್ಗೆ ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಬೋಳಿಸಿದ ಮೇಲೆ ಅಂಗಡಿಯವನು ಕತ್ತಿ ಹಿಡಿದುಕೊಂಡೇ ಕೊಪ್ಪದ ಬಡಾವಣೆಯ ನಲ್ಲಿ ಯಾವಾಗ ಎಂದು ಕೇಳಿದನಂತೆ.

"ನನ್ನ ಹೆಸರು ಯಾಕ ಹಾಕಿದ್ರಿ ಶಮೀಮಾ ಅವರ?"

"ನಾ ಹಾಕಿಲ್ರಿ. ಅದು ಯಾರು ಅಂತ ಕೇಳ್ತು, ಹೇಳಿದೆ."

"ನಾ ಏನು ನಲ್ಲಿ ತಿರುವೋ ಪಾನಾ ಹಿಡ್ಕೊಂಡು ಹೋಗ್ತೇನೇನು? ಮಾಡಾಂವ ದುರಗ್ಯಾ. ಅವನ ಹೆಸರು ಹಾಕ್ರಿ."

ದುರಗಪ್ಪ ಇಪ್ಪತ್ತೊಂದು ವರ್ಷದಿಂದ ಊರಿಗೆ ನೀರು ಬಿಡುವವನು. ಅವನನ್ನು ಕರೆಸಿದರು. ಜೋಡಿಸಲು ತಾನು ಸಿದ್ಧ, ಆದರೆ ಸಾಹೇಬರು ಸಹಿ ಹಾಕದೆ ಗೋದಾಮಿನವರು ಪೈಪಿನ ತುಂಡು ಕೊಡುವುದಿಲ್ಲ ಎಂದ. ಶಮೀಮ ಇಬ್ಬರ ಮುಖವನ್ನೂ ನೋಡಿ ಒಂದೇ ವಾಕ್ಯ ಹೇಳಿದಳು. "ಇಂದು ಹನ್ನೊಂದಕ್ಕೆ ಚನ್ನಬಸಪ್ಪ ಕೋರಿ ಸಹಿ ಹಾಕುತ್ತಾರೆ, ಮೂರಕ್ಕೆ ದುರಗಪ್ಪ ಜೋಡಿಸುತ್ತಾರೆ" ಎಂದು ಕಾಳು ಪ್ರಕಟಿಸಿತು. ಗಡಿಯಾರ ಹತ್ತೂ ಐವತ್ತು ತೋರಿಸುತ್ತಿತ್ತು. ಕೋರಿಯವರು ಪೆನ್ನು ಹುಡುಕುತ್ತ ಒಳಗೆ ಹೋದರು.

ದುರಗಪ್ಪ ಹೋಗಲಿಲ್ಲ. ಪರದೆಯ ಮೇಲೆ ತನ್ನ ಹೆಸರನ್ನು ಬೆರಳಿನಿಂದ ತೋರಿಸಿ, ಕೊನೆಯಲ್ಲಿ ಏನು ಬರೆದಿದೆ ಎಂದು ಕೇಳಿದ. ಜೋಡಿಸುತ್ತಾರೆ ಎಂದು ಶಮೀಮ ಓದಿದಳು. ಯಾರನ್ನೂ ಏಕವಚನದಲ್ಲಿ ಪ್ರಕಟಿಸಬಾರದೆಂಬುದು ಯಂತ್ರದ ಮೂಲ ನಿಯಮ. ಉಪಾಧ್ಯೆಯವರು ಅದನ್ನು ಜಗಳ ತಪ್ಪಿಸಲು ಹಾಕಿದ್ದರು. ನಗರಸಭೆಯಲ್ಲಿ ದುರಗಪ್ಪನಿಗೆ ಬಹುವಚನ ಸಿಕ್ಕಿದ್ದು ಅದೇ ಮೊದಲು. ಅವನು ಪಾನಾ ಎತ್ತಿಕೊಂಡು ಹೋದ. ಮೂರಕ್ಕೆ ಬದಲು ಎರಡಕ್ಕೇ ಜೋಡಿಸಿದ.

ಮುಂದಿನ ಹತ್ತು ದಿನ ನೀರಲಗೇರಿಯಲ್ಲಿ ಯಾರೂ ಯೋಜಿಸದ ಕೆಲಸಗಳು ನಡೆದವು. ಹುಸೇನಪ್ಪನವರು ದೀಪ ಹಾಕಿದರು, ಕಸದ ಗಾಡಿಯ ಯಲ್ಲವ್ವನವರು ಸಂತೆಯ ಮೂಲೆ ಬಳಿದರು. ಬೈಗುಳ ಬಂದದ್ದೂ ಉಂಟು, ಆದರೆ ಕೆಲಸವಾದ ಕಡೆ ಜನ ಹೆಸರು ಹಿಡಿದು ಮೆಚ್ಚಿಕೊಂಡರು. ದುರಗಪ್ಪನಂತೂ ದಿನಾ ಬೆಳಿಗ್ಗೆ ಬಂದು ಯಾವ ಓಣಿ ಉಳಿದಿದೆ, ತನ್ನ ಹೆಸರು ಹಾಕು, ಸಂಜೆಯೊಳಗೆ ಮುಗಿಸುತ್ತೇನೆ ಅನ್ನತೊಡಗಿದ.

ಕಷ್ಟವಾದದ್ದು ಮೇಲಿನವರಿಗೆ. ಹೆಸರು ಹಾಕಿದರೆ ನಾಳೆ ತನಿಖೆಗೂ ಅದೇ ಹೆಸರು ಸಿಗುತ್ತದೆ ಎಂಬುದು ಪೌರಾಯುಕ್ತರ ಚಿಂತೆ. ಅವರ ಒತ್ತಾಯಕ್ಕೆ ಉಪಾಧ್ಯೆ ಎರಡು ವಾರವಾಗುವ ಮೊದಲೇ ಹೊಸ ನಿಯಮ ಹಿಡಿದು ಬಂದರು. ಇನ್ನು ಮೇಲೆ ಲಾಗುವುದು ಎಂದು ಮುಗಿಯುವ ಕ್ರಿಯಾಪದಕ್ಕೆ ಕಾಳು ತಕರಾರು ಮಾಡುವುದಿಲ್ಲ ಎಂದು ಕಾಳನ್ನು ತಮ್ಮ ಕೈಯಾರೆ ಶಮೀಮಳ ಕಿವಿಗೆ ಅಂಟಿಸಿದರು. ಅವಳು ಆ ಮಧ್ಯಾಹ್ನ ನಲವತ್ತು ದೂರುಗಳಿಗೆ ಕ್ರಮ ಕೈಗೊಳ್ಳಲಾಗುವುದು ಎಂದು ಒಂದೇ ಉಸಿರಿನಲ್ಲಿ ಉತ್ತರ ಕೊಟ್ಟಳು. ಕಾಳು ಏನೂ ಕೇಳಲಿಲ್ಲ.

ನಾಲ್ಕು ಗಂಟೆಗೆ ಪೌರಾಯುಕ್ತರು ಫೋನು ಹಿಡಿದುಕೊಂಡು ತಾವೇ ಕೆಳಗಿಳಿದು ಬಂದರು. ನಲವತ್ತೂ ಉತ್ತರಗಳು ಅವರ ಖಾತೆಯಿಂದ ಹೊರಟಿದ್ದವು. ನಾಯಿ ಹಿಡಿಯುವುದು, ಚರಂಡಿ ಬಳಿಯುವುದು, ಒಬ್ಬರ ತಾತನ ಮರಣದ ದಿನಾಂಕ ತಿದ್ದುವುದು, ಎಲ್ಲವೂ ಅವರೇ ಕೊಟ್ಟ ಮಾತಾಗಿತ್ತು.

ಉಪಾಧ್ಯೆಯವರು ಕನ್ನಡಕ ಒರೆಸಿಕೊಂಡು, "ಮಾಡೋರು ಯಾರೂ ಸಿಗದಿದ್ರ ಯಾವುದಾರ ಒಂದು ಖಾತೆಗೆ ಹೋಗಲೇಬೇಕಲ್ರಿ ಸರ್. ಮನೆಯೊಳಗ ಯಾರೂ ಮಾಡದ ಕೆಲಸ ಹಿರಿಯರ ತಲಿ ಮ್ಯಾಲೆ ಬರ್ತದ. ಆ ಲೆಕ್ಕದಾಗ ಹಾಕೀನಿ," ಅಂದರು.

ಪೌರಾಯುಕ್ತರು ಬಹಳ ಹೊತ್ತು ಯೋಚಿಸಲಿಲ್ಲ. ಮೊದಲಿನ ನಿಯಮವನ್ನೇ ತಿರುಗಿ ಹಾಕಲು ಹೇಳಿದರು. ಆದೇಶವನ್ನು ಬಾಯಿಮಾತಿನಲ್ಲಿ ಮಾತ್ರ ಕೊಟ್ಟರು.

ಮರುದಿನ ಬೆಳಿಗ್ಗೆ ದುರಗಪ್ಪ ಬಂದಾಗ ನೀರಿನ ದೂರುಗಳೆಲ್ಲ ಮುಗಿದಿದ್ದವು. ಒಂದು ಉಳಿದಿದೆ ಎಂದು ಶಮೀಮ ತಡವರಿಸಿ ಹೇಳಿದಳು. ಪಿಂಜಾರ ಓಣಿ, ಹನ್ನೊಂದು ಸಲ ಬರೆದದ್ದು.

"ಪಿಂಜಾರ ಓಣಿ?" ಅಂದ ದುರಗಪ್ಪ. "ಅಲ್ಲಿ ಬರೇ ಒಂದು ಜೋಡಣಿ ಬಾಕಿ ಐತೆವ್ವ, ಅರ್ಧ ತಾಸಿನ ಕೆಲಸ. ಅದು ನನ್ನ ಪಟ್ಟಿಯೊಳಗ ಒಮ್ಮಿನೂ ಬಂದಿಲ್ಲ."

ಅದು ಹೇಗೆಂದು ಅವಳು ಹಳೆಯ ಕಡತ ತೆರೆದಳು. ಉತ್ತರ ಕೊಟ್ಟ ದೂರು ಮುಗಿದ ದೂರು ಎಂಬುದು ನಗರಸಭೆಯ ಹಳೆಯ ಕ್ರಮ. ಮುಗಿದದ್ದು ಕೆಲಸಗಾರರ ಪಟ್ಟಿಗೆ ಹೋಗುವುದಿಲ್ಲ. ಊರಿನ ನೂರಾರು ದೂರುಗಳು ಹಾಗೆಯೇ ಮುಗಿದಿದ್ದವು. ಅವುಗಳ ನಡುವೆ ಹನ್ನೊಂದು ದೂರುಗಳು, ಹನ್ನೊಂದು ಲಾಗುವುದು, ಪ್ರತಿಯೊಂದರ ಕೆಳಗೂ ಮುಗಿಸಿದವರ ಹೆಸರು: ಶಮೀಮ ನದಾಫ. ಕೋರಿಯವರು ತಡೆದಿರಲಿಲ್ಲ, ದುರಗಪ್ಪ ಮರೆತಿರಲಿಲ್ಲ. ಐದು ತಿಂಗಳು ಅವ್ವನ ತಲೆಯ ಮೇಲೆ ಕೊಡ ಹೊರಿಸಿದ ಬೆರಳು ಅವಳದೇ.

ಪಿಂಜಾರ ಓಣಿಯ ದೂರು ಮುಗಿಸಲಾಗಿತ್ತು ಎಂದು ಅವಳು ಮೆಲ್ಲಗೆ ಹೇಳಿದಳು.

"ಯಾರು?" ಎಂದಿತು ಕಾಳು.

"ನಾನು," ಅಂದಳು.

ಅದು ಅವಳ ಸ್ವಂತ ಖಾತೆಯಿಂದ ಹೋಯಿತು: ಪಿಂಜಾರ ಓಣಿಯ ದೂರನ್ನು ನಾನೇ ಮುಗಿಸಿದ್ದೆ, ಇಂದು ದುರಗಪ್ಪನವರು ಜೋಡಿಸುತ್ತಾರೆ. ಮನೆಗೆ ನೀರು ಬಿಡಿಸಿಕೊಂಡಳು ಎಂದು ಮೂವರು ಅಂದರು. ಇಷ್ಟು ದಿನ ತನ್ನ ಮನೆಗೇ ನೀರು ಬಿಡಿಸಿಕೊಳ್ಳಲಾರದವಳು ಎಂದು ಇನ್ನೂರು ಜನ ನಕ್ಕರು. ಮಾರ್ಚಿನಲ್ಲಿ ಗುತ್ತಿಗೆ ಮುಂದುವರಿಯಿತು. ಕಾಳನ್ನು ಇಷ್ಟು ಚೆನ್ನಾಗಿ ಬಳಸುವವರು ಬೇರೆ ಸಿಗುವುದಿಲ್ಲ ಎಂದು ಶಿಫಾರಸು ಬರೆದವರು ಕೋರಿ. ಹೆಸರು ಹಾಕಿಯೇ ಬರೆದರು.

ದುರಗಪ್ಪ ಜೋಡಿಸಿದ ದಿನ ಸಂಜೆ ಅವಳು ಕಾಳನ್ನು ಡಬ್ಬಿಯಲ್ಲಿಟ್ಟು ಮನೆಗೆ ಹೋದಾಗ ಅವ್ವ ಬಾಗಿಲಲ್ಲೇ ಇದ್ದಳು. ಹಿತ್ತಲಲ್ಲಿ ಹಿತ್ತಾಳೆಯ ಕೊಡಕ್ಕೆ ನೀರು ಬೀಳುವ ಸದ್ದು.

"ನೀರು ಬಿಟ್ಟಾರ," ಅಂದಳು ಅವ್ವ.

"ಯಾರು?" ಎಂದು ಶಮೀಮ ಕೇಳಿಬಿಟ್ಟಳು.

ಅವ್ವ ಅವಳ ಮುಖವನ್ನೊಮ್ಮೆ, ಖಾಲಿ ಕಿವಿಯನ್ನೊಮ್ಮೆ ನೋಡಿದಳು. "ಯಾರಾರ ಬಿಡ್ಲಿ. ತುಂಬಿದ ಕೊಡ ಎತ್ತೋರು ಯಾರು, ಅದನ್ನ ಹೇಳು ಮೊದಲ."

ಶಮೀಮ ಚಪ್ಪಲಿ ಬಿಟ್ಟು ಹಿತ್ತಲಿಗೆ ಹೋದಳು.